ಬೆಲ್ಜಿಯಂನ ಚೆರ್ರಿ ಬಿಯರ್: ನಾಲ್ಕು ಬಾಟಲಿ, ನಾಲ್ಕು ರುಚಿ, ಯಾವುದರ ಜೊತೆ ಏನು ತಿನ್ನಬೇಕು

ಬ್ರಸೆಲ್ಸ್‌ನ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಬಿಯರ್ ಇಟ್ಟಿರುವ ಕಡೆ ‘ಕ್ರೀಕ್’ ಎಂದು ಬರೆದ ನಾಲ್ಕಾರು ಬಾಟಲಿ ಕಣ್ಣಿಗೆ ಬೀಳುತ್ತವೆ. ಹುಳಿ ಚೆರ್ರಿ ಹಾಕಿ ಮಾಡಿದ ಬಿಯರ್ ಅದು. ಹೆಚ್ಚಿನವುಗಳ ಮೇಲೆ ಚೆರ್ರಿ ಚಿತ್ರ, ಎಲ್ಲವೂ ಕೆಂಪು. ಆದರೆ ಒಂದು ಬಾಟಲಿ ಜಾಮ್‌ನಷ್ಟು ಸಿಹಿ, ಅದರ ಪಕ್ಕದ್ದು ಹಲ್ಲು ಜುಂ ಅನ್ನುವಷ್ಟು ಹುಳಿ. ವ್ಯತ್ಯಾಸ ಗೊತ್ತಿಲ್ಲದೆ ತಂದು ಊಟಕ್ಕಿಟ್ಟರೆ ಬಿಯರೂ ಕೆಡುತ್ತದೆ, ಊಟವೂ ಕೆಡುತ್ತದೆ. ಬಾಟಲಿಯಲ್ಲಿ ಎಷ್ಟು ಸಕ್ಕರೆ ಉಳಿದಿದೆ ಅನ್ನುವುದರ ಮೇಲೆ ಊಟ ನಿಲ್ಲುತ್ತದೆ. ಹಣ್ಣು ಯಾವುದು ಅನ್ನುವುದು ಆಮೇಲಿನ ಮಾತು.

ಈ ವಿಮರ್ಶೆಗೆ ಆಯ್ದುಕೊಂಡವು ನಾಲ್ಕು: ಲಿಂಡೆಮನ್ಸ್ ಕ್ರೀಕ್, ಬೋನ್ ಕ್ರೀಕ್, ಬೋನ್‌ನವರದೇ ಔಡೆ ಕ್ರೀಕ್, ಮತ್ತು ಲೀಫ್‌ಮನ್ಸ್ ಕ್ರೀಕ್ ಬ್ರೂಟ್. ಮೊದಲ ಮೂರು ಲಾಂಬಿಕ್ ಜಾತಿಯವು, ಅಂದರೆ ಕಾಡು ಯೀಸ್ಟ್‌ನಿಂದ ತಾವಾಗಿಯೇ ಹುದುಗಿದವು. ನಾಲ್ಕನೆಯದು ಸಾಮಾನ್ಯ ಅರ್ಥದಲ್ಲಿ ಏಲ್, ಅಂದರೆ ಆಯ್ದ ಯೀಸ್ಟ್ ಹಾಕಿ ಹುದುಗಿಸಿದ್ದು. ಅಂಗಡಿಯವರು ಎಲ್ಲವನ್ನೂ ಹಣ್ಣಿನ ಏಲ್ ಎಂದೇ ಒಟ್ಟಿಗೆ ಇಡುತ್ತಾರೆ.

ಲಾಂಬಿಕ್ ತಯಾರಾಗುವುದು ಬ್ರಸೆಲ್ಸ್ ಮತ್ತು ಅದರ ನೈಋತ್ಯಕ್ಕಿರುವ ಪಯೋಟೆನ್‌ಲ್ಯಾಂಡ್ ಎಂಬ ಹಳ್ಳಿಗಾಡಿನಲ್ಲಿ, ಝೆನ್ನೆ ನದಿಯ ಕಣಿವೆಯಲ್ಲಿ. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಜೊತೆ ಮೂರನೇ ಒಂದು ಭಾಗದಷ್ಟು ಮೊಳಕೆ ಬರಿಸದ ಗೋಧಿ ಹಾಕಿ, ಹಳೆಯ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಸೇರಿಸಿ ಕುದಿಸುತ್ತಾರೆ. ಹಳೆಯ ಹಾಪ್ಸೇ ಯಾಕೆ ಅಂದರೆ ಅದರ ಕಹಿ ಇಳಿದಿರುತ್ತದೆ, ಬೇಡದ ಬ್ಯಾಕ್ಟೀರಿಯಾ ತಡೆಯುವ ಗುಣ ಉಳಿದಿರುತ್ತದೆ. ಕುದಿಸಿದ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಮತ್ತು ಆಮೇಲೆ ತುಂಬುವ ಮರದ ಪೀಪಾಯಿಯಲ್ಲಿರುವ ಕಾಡು ಯೀಸ್ಟ್, ಬ್ಯಾಕ್ಟೀರಿಯಾಗಳೇ ಅದನ್ನು ಹುದುಗಿಸಬೇಕು. ಬೇಸಿಗೆಯ ಬೆಚ್ಚನೆ ರಾತ್ರಿಗಳಲ್ಲಿ ಕೆಡಿಸುವ ಜೀವಿಗಳ ಕೈ ಮೇಲಾಗುತ್ತದೆ. ಹಾಗಾಗಿ ಈ ಕೆಲಸ ಹೆಚ್ಚುಕಡಿಮೆ ಅಕ್ಟೋಬರಿನಿಂದ ಏಪ್ರಿಲ್ ತನಕ ಮಾತ್ರ. ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ಕೆಲವು ಎರಡು-ಮೂರು ವರ್ಷ. ಹುಳಿ ಕೊಡುವುದು ಮುಖ್ಯವಾಗಿ ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾ. ಒಣಹುಲ್ಲು, ಚರ್ಮ, ದನದ ಕೊಟ್ಟಿಗೆಯನ್ನು ನೆನಪಿಸುವ ಪರಿಮಳ ಬರುವುದು ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್‌ನಿಂದ. ಹೀಗೆ ಮಾಗಿದ ಲಾಂಬಿಕ್‌ಗೆ ಬೀಜ ಸಮೇತ ಚೆರ್ರಿ ಸುರಿದು ಮತ್ತೆ ಕೆಲವು ತಿಂಗಳು ಬಿಡುತ್ತಾರೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ. ಬಣ್ಣ, ಹುಳಿ, ಸಿಪ್ಪೆಯ ಒಗರು ಉಳಿಯುತ್ತವೆ, ಸಿಹಿ ಉಳಿಯುವುದಿಲ್ಲ. ಬೀಜದಿಂದ ಕಹಿ ಬಾದಾಮಿಯ ವಾಸನೆ ಇಳಿಯುತ್ತದೆ. ಒಳ್ಳೆಯ ಕ್ರೀಕ್‌ನಲ್ಲಿ ಅದು ಇರಲೇಬೇಕು.

ಹಿಂದೆ ಬಳಸುತ್ತಿದ್ದುದು ಬ್ರಸೆಲ್ಸ್ ಪಕ್ಕದ ಶಾರ್‌ಬೇಕ್‌ನ ಸಣ್ಣ, ಕಡುಕೆಂಪು, ತೀರಾ ಹುಳಿ ಚೆರ್ರಿ. ಆ ಮರಗಳು ಈಗ ಅಪರೂಪ. ಪೋಲೆಂಡ್ ಮತ್ತಿತರ ಕಡೆಯ ಹುಳಿ ಚೆರ್ರಿಯೇ ಹೆಚ್ಚು ಬಳಕೆಯಲ್ಲಿದೆ. ಹುಳಿ ಮತ್ತು ಸಿಪ್ಪೆಯ ಗಟ್ಟಿತನ ಇದ್ದರೆ ಅದರಿಂದ ರುಚಿಗೇನೂ ಕೊರತೆಯಿಲ್ಲ. ನಾವು ಹಾಗೇ ತಿನ್ನುವ ಸಿಹಿ ಚೆರ್ರಿ ಮಾತ್ರ ಈ ಕೆಲಸಕ್ಕೆ ಬಾರದು. ಸಕ್ಕರೆ ಹುದುಗಿ ಹೋದ ಮೇಲೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಮಿಕ್ಕಿರುವುದಿಲ್ಲ.

ಕೊಳ್ಳುವಾಗ ಲೇಬಲ್ಲಿನಲ್ಲಿ ನೋಡಬೇಕಾದ್ದು ಎರಡು. ‘ಔಡೆ’ (ಹಳೆಯ) ಅಂತ ಇದೆಯೇ? ‘ಔಡೆ ಕ್ರೀಕ್’ ಎಂಬ ಹೆಸರಿಗೆ ಐರೋಪ್ಯ ಒಕ್ಕೂಟದಲ್ಲಿ 1997ರಿಂದ ರಕ್ಷಣೆ ಇದೆ. ಸಹಜವಾಗಿ ಹುದುಗಿಸಿ, ಬಾಟಲಿಯಲ್ಲೂ ಮತ್ತೊಮ್ಮೆ ಹುದುಗಲು ಬಿಟ್ಟದ್ದಕ್ಕೆ ಮಾತ್ರ ಆ ಹೆಸರು ಹಾಕಬಹುದು. ಬರೀ ‘ಕ್ರೀಕ್’ ಅಂದರೆ ಸಾಮಾನ್ಯವಾಗಿ ಹಣ್ಣಿನ ರಸ ಅಥವಾ ಸಕ್ಕರೆಯಿಂದ ಸಿಹಿ ಮಾಡಿ, ಮತ್ತೆ ಹುದುಗದಂತೆ ಶೋಧಿಸಿ, ಪಾಶ್ಚರೀಕರಿಸಿ ತುಂಬಿದ್ದು. ಅದು ದೋಷವಲ್ಲ, ಬೇರೆ ಬಗೆಯ ಬಿಯರ್ ಅಷ್ಟೆ. ಎರಡನೆಯದು ಪದಾರ್ಥಗಳ ಪಟ್ಟಿ. ಅದರಲ್ಲಿ ಕೃತಕ ಸಿಹಿಕಾರಕ, ಪರಿಮಳದ್ರವ್ಯ ಅಂತ ಕಂಡರೆ ಬಾಟಲಿಯನ್ನು ವಾಪಸ್ ಇಟ್ಟುಬಿಡಿ. ಅಂಥದ್ದರಲ್ಲಿ ಕೆಮ್ಮಿನ ಔಷಧಿಯ ವಾಸನೆ ಬರುತ್ತದೆ, ನುಂಗಿದ ಮೇಲೂ ಸಿಹಿ ನಾಲಿಗೆಗೆ ಅಂಟಿಕೊಂಡಿರುತ್ತದೆ. ಊಟದ ಜೊತೆ ಅದು ಹೊಂದುವುದೇ ಇಲ್ಲ.

ಬಾಟಲಿ ತೆರೆಯುವುದರಲ್ಲೇ ಅರ್ಧ ಕೆಲಸ ಕೆಡಬಹುದು. ಔಡೆ ಕ್ರೀಕ್‌ನ ಒಳಗೆ ಶಾಂಪೇನ್‌ನಂತೆ ಜೋರು ಒತ್ತಡ ಇರುತ್ತದೆ, ತಳದಲ್ಲಿ ಗಸಿ ಇರುತ್ತದೆ. ಕನಿಷ್ಠ ಒಂದು ದಿನ ನೆಟ್ಟಗೆ ನಿಲ್ಲಿಸಿಟ್ಟಿರಬೇಕು. ಅಡ್ಡ ಮಲಗಿಸಿಟ್ಟಿದ್ದನ್ನೋ, ಕೈಯಲ್ಲಿ ಅಲುಗಾಡಿಸಿಕೊಂಡು ತಂದದ್ದನ್ನೋ ಆಗಲೇ ತೆರೆದರೆ ಗಸಿಯೆಲ್ಲ ಮೇಲೆದ್ದು ಕಾಲು ಬಾಟಲಿ ಟೇಬಲ್ ಮೇಲೆ ಹರಿಯುತ್ತದೆ. ಬೆಚ್ಚಗಿದ್ದರೆ ಇನ್ನೂ ಜೋರು. ಕೆಲವು ಬಾಟಲಿಗಳಲ್ಲಿ ಲೋಹದ ಮುಚ್ಚಳ ತೆಗೆದರೆ ಒಳಗೆ ಬಿರಡೆ ಇರುತ್ತದೆ, ಆದ್ದರಿಂದ ಬಿರಡೆ ತೆಗೆಯುವ ಸ್ಕ್ರೂ ಕೈಗೆ ಸಿಗುವಂತಿರಲಿ. ತಂತಿ ಕಟ್ಟಿದ ಬಿರಡೆಯಾದರೆ ಬಟ್ಟೆ ಹಾಕಿ ಹಿಡಿದು, ಬಿರಡೆ ಅಲುಗಾಡದಂತೆ ಬಾಟಲಿಯನ್ನು ತಿರುಗಿಸಿ. ಮುಖದ ಕಡೆ ತಿರುಗಿಸಬೇಡಿ.

ಲೋಟ ಮೇಲಕ್ಕೆ ಸ್ವಲ್ಪ ಕಿರಿದಾಗುವ ವೈನ್ ಗ್ಲಾಸ್ ಆದರೆ ಸಾಕು. ಸೋಪಿನ ಅಂಶ, ಎಣ್ಣೆ ಪಸೆ ಇದ್ದರೆ ನೊರೆ ಕೂಡಲೇ ಇಂಗುತ್ತದೆ. ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿಕೊಳ್ಳಿ. ಲೋಟ ವಾರೆ ಹಿಡಿದು ನಿಧಾನವಾಗಿ, ಒಂದೇ ಧಾರೆಯಲ್ಲಿ ಸುರಿಯಿರಿ. ನಡುನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಕದಡುತ್ತದೆ. ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಡಿ. ಗಸಿಯಿಂದ ಅಪಾಯವೇನೂ ಇಲ್ಲ, ಆದರೆ ಹಿಟ್ಟು ಹಿಟ್ಟಾದ ರುಚಿ ಬಂದು ಚೆರ್ರಿ ಮಸುಕಾಗುತ್ತದೆ.

ತಣ್ಣಗಿರಬೇಕಾದ್ದು ಎಷ್ಟು ಅನ್ನುವುದೂ ಒಂದೊಂದಕ್ಕೆ ಬೇರೆ. ಲಿಂಡೆಮನ್ಸ್‌ಗೆ 4–5 ಡಿಗ್ರಿ ಸೆಲ್ಸಿಯಸ್, ಬೋನ್ ಕ್ರೀಕ್ ಮತ್ತು ಲೀಫ್‌ಮನ್ಸ್‌ಗೆ 7–8, ಔಡೆ ಕ್ರೀಕ್‌ಗೆ 10–12. ಔಡೆ ಕ್ರೀಕ್ ಅನ್ನು ಫ್ರಿಜ್ಜಿನಿಂದ ನೇರ ತಂದು ಸುರಿದರೆ ಹುಳಿ ಮತ್ತು ಒಗರು ಮಾತ್ರ ಸಿಗುತ್ತವೆ, ಪರಿಮಳ ಮುಚ್ಚಿಕೊಂಡಿರುತ್ತದೆ. ಕುಡಿಯುವುದಕ್ಕೆ 25 ನಿಮಿಷ ಮುಂಚೆ ಹೊರಗಿಡಿ. ಎಲ್ಲವನ್ನೂ ಒಂದೇ ಕೂತಿನಲ್ಲಿ ಹೋಲಿಸುವುದಾದರೆ ಹುಳಿಯದ್ದು ಮೊದಲು, ಸಿಹಿಯದ್ದು ಕೊನೆಗೆ. ತಲಾ 80 ಮಿಲಿಲೀಟರ್ ಸಾಕು, ನಡುವೆ ನೀರು ಮತ್ತು ಉಪ್ಪಿಲ್ಲದ ಬ್ರೆಡ್ಡು. ಸಿಹಿಯಿಂದ ಶುರು ಮಾಡಿದರೆ ಔಡೆ ಕ್ರೀಕ್ ಬರೀ ವಿನೆಗರ್ ಅನ್ನಿಸುತ್ತದೆ, ಅದಕ್ಕೆ ಅನ್ಯಾಯವಾಗುತ್ತದೆ.

ಈಗ ಬಾಟಲಿಗಳ ವಿಚಾರ.

ಬೋನ್ ಔಡೆ ಕ್ರೀಕ್, ಆಲ್ಕೋಹಾಲ್ ಶೇ 6.5. ಲೆಂಬೇಕ್ ಎಂಬ ಊರಿನದು. ಲಾಂಬಿಕ್ ಮಾಡುವವರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿದ್ದ 1970ರ ದಶಕದಲ್ಲಿ ಫ್ರಾಂಕ್ ಬೋನ್ ಈ ಕೆಲಸಕ್ಕೆ ಇಳಿದವರು. ಬಣ್ಣ ಗಾಢ ಕೆಂಪಲ್ಲ, ದಾಳಿಂಬೆ ರಸಕ್ಕೆ ಹತ್ತಿರ. ತಿಳಿಗುಲಾಬಿ ನೊರೆ ಬೇಗ ಇಳಿದು ಅಂಚಿನಲ್ಲಿ ಉಂಗುರದಂತೆ ನಿಲ್ಲುತ್ತದೆ. ಮೂಗಿಗೆ ಮೊದಲು ಸಿಗುವುದು ಚೆರ್ರಿ ಸಿಪ್ಪೆ, ಆಮೇಲೆ ಕಹಿ ಬಾದಾಮಿ. ಲೋಟ ಕೈಯಲ್ಲಿ ಸ್ವಲ್ಪ ಬೆಚ್ಚಗಾದ ಮೇಲೆ ಒಣಹುಲ್ಲು, ಹಳೆ ಮರದ ಪೆಟ್ಟಿಗೆ ತೆರೆದಂಥ ವಾಸನೆ. ಬಾಯಿಗಿಟ್ಟರೆ ಹುಳಿ ನಾಲಿಗೆಯ ಎರಡು ಅಂಚನ್ನೂ ಹಿಡಿಯುತ್ತದೆ, ಆದರೆ ಗಂಟಲು ಸುಡುವುದಿಲ್ಲ. ನುಂಗಿದ ಮೇಲೆ ಬಾಯಿ ಒಣಗಿ, ಒಸಡಿನ ಮೇಲೆ ಸಿಪ್ಪೆಯ ಒಗರು ಉಳಿಯುತ್ತದೆ. ಆ ಒಗರಿನಿಂದಲೇ ಇದು ಊಟದ ಬಿಯರ್. ನಾಲ್ಕರಲ್ಲಿ ನಮ್ಮ ಆಯ್ಕೆ ಇದೇ. ಇವರದೇ ‘ಮರಿಯಾಜ್ ಪಾರ್ಫೆ’ ಕ್ರೀಕ್ ಇನ್ನೂ ಗಟ್ಟಿ: ಶೇ 8, ಲೀಟರಿಗೆ 400 ಗ್ರಾಂನಷ್ಟು ಚೆರ್ರಿ. ಅದನ್ನು ಇಬ್ಬರು 375 ಮಿಲಿಲೀಟರ್ ಹಂಚಿಕೊಂಡು ನಿಧಾನಕ್ಕೆ ಕುಡಿಯಬೇಕು.

ಬೋನ್ ಕ್ರೀಕ್, ಶೇ 4. ಹೊಸಬರು ಇಲ್ಲಿಂದ ಶುರು ಮಾಡಲಿ. ಸಿಹಿ ಇದೆ, ಹುಳಿ ಅದನ್ನು ಹಿಂದಿಕ್ಕಿಕೊಂಡು ಬರುತ್ತದೆ. ಜಾಮ್ ಅನ್ನಿಸದೆ ಈಗಷ್ಟೇ ಕಚ್ಚಿದ ಹಣ್ಣು ಅನ್ನಿಸುತ್ತದೆ. ಅಡುಗೆಗೂ ಇದೇ ಉತ್ತಮ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಲಿಂಡೆಮನ್ಸ್ ಕ್ರೀಕ್, ಶೇ 3.5. ವ್ಲೇಜೆನ್‌ಬೇಕ್‌ನಲ್ಲಿ 1822ರಿಂದ ಇರುವ ಮನೆತನದ ಬ್ರೂವರಿ. ಇಲ್ಲಿರುವುದರಲ್ಲಿ ಇದೇ ಅತಿ ಸಿಹಿ. ನೊರೆ ಕೂಡ ಢಾಳಾದ ಗುಲಾಬಿ. ಮೊದಲ ಗುಟುಕು ಚೆರ್ರಿ ಜಾಮ್, ಕೊನೆಗೆ ಲಾಂಬಿಕ್‌ನ ಹುಳಿ ಒಂದು ಗೆರೆಯಂತೆ ಬಂದು ಬಾಯಿ ತೊಳೆಯುತ್ತದೆ. ಆ ಗೆರೆ ಇಲ್ಲದಿದ್ದರೆ ಇದನ್ನು ಶಿಫಾರಸು ಮಾಡುತ್ತಿರಲಿಲ್ಲ. ಒಂದು ಲೋಟಕ್ಕಿಂತ ಹೆಚ್ಚು ಊಟದ ಜೊತೆ ಸೇರದು. ಊಟಕ್ಕೆ ಮುಂಚೆ ಅಥವಾ ಸಿಹಿತಿಂಡಿಯ ಜೊತೆ ಇದರ ಜಾಗ.

ಲೀಫ್‌ಮನ್ಸ್ ಕ್ರೀಕ್ ಬ್ರೂಟ್, ಶೇ 6. ಔಡೆನಾರ್ಡೆ ಊರಿನ ಕಂದು ಏಲ್ ಇದರ ತಳಹದಿ. 100 ಲೀಟರಿಗೆ 13 ಕಿಲೋ ಚೆರ್ರಿ ಹಾಕಿ, ಒಂದೂವರೆ ವರ್ಷ ನೆಲಮಾಳಿಗೆಯಲ್ಲಿ ಮಾಗಿಸಿ, ಬೇರೆ ಬೇರೆ ವಯಸ್ಸಿನ ಕಂದು ಏಲ್‌ಗಳ ಜೊತೆ ಬೆರೆಸುತ್ತಾರೆ. ಲಾಂಬಿಕ್‌ನ ಕೊಟ್ಟಿಗೆ ವಾಸನೆ ಇದರಲ್ಲಿಲ್ಲ. ಮಾಲ್ಟಿನ ಕಂದಿದ ಸಕ್ಕರೆಯ ರುಚಿ, ಅದರ ಮೇಲೆ ಚೆರ್ರಿ. ಹೆಸರಿನಲ್ಲಿರುವ ‘ಬ್ರೂಟ್’ ನೋಡಿ ಸಿಹಿ ಇರುವುದೇ ಇಲ್ಲ ಎಂದುಕೊಳ್ಳಬೇಡಿ, ಸ್ವಲ್ಪ ಇದೆ. ಹುರಿದ, ಸುಟ್ಟ ಮಾಂಸದ ಜೊತೆ ಹೊಂದುವುದಕ್ಕೆ ಆ ಕಂದಿದ ಸಿಹಿಯೇ ಕಾರಣ. ಇದೇ ಕಂಪನಿಯ ಫ್ರೂಟೆಸ್ ಎಂಬುದು ಬೇರೆ: ಶೇ 3.8, ಐಸ್ ಹಾಕಿ ಕುಡಿಯುವುದು. ಊಟದ ಲೆಕ್ಕಕ್ಕೆ ಬರುವುದಿಲ್ಲ.

ಊಟ ಹೊಂದಿಸುವಾಗ ತಪ್ಪಬಾರದ ಲೆಕ್ಕಗಳಿವೆ. ತಿನಿಸು ಬಿಯರ್‌ಗಿಂತ ಸಿಹಿಯಾಗಿದ್ದರೆ ಬಿಯರ್ ಪೇಲವವಾಗಿ, ಹುಳಿಯಾಗಿ ಕಾಣುತ್ತದೆ. ಕೊಬ್ಬು ಮತ್ತು ಉಪ್ಪು ಹುಳಿಯನ್ನು ಮೆತ್ತಗೆ ಮಾಡುತ್ತವೆ. ಖಾರಕ್ಕೆ ಆಲ್ಕೋಹಾಲ್, ಗ್ಯಾಸು, ಹುಳಿ ಸೇರಿದರೆ ಉರಿ ಏರುತ್ತದೆ, ಸ್ವಲ್ಪ ಸಿಹಿ ಇದ್ದರೆ ಇಳಿಯುತ್ತದೆ.

ಪಯೋಟೆನ್‌ಲ್ಯಾಂಡ್‌ನ ಪಬ್ಬುಗಳಲ್ಲಿ ಲಾಂಬಿಕ್ ಜೊತೆ ಕೊಡುವ ಹಳೆಯ ತಿಂಡಿಯೊಂದಿದೆ: ಬ್ರೆಡ್ಡಿನ ಮೇಲೆ ದಪ್ಪಗೆ ಸವರಿದ ತಾಜಾ ಬಿಳಿ ಚೀಸ್, ಅದರ ಮೇಲೆ ಹೆಚ್ಚಿದ ಕೆಂಪು ಮೂಲಂಗಿ, ಈರುಳ್ಳಿ ಹೂವು. ಔಡೆ ಕ್ರೀಕ್‌ಗೆ ಇದಕ್ಕಿಂತ ಸರಳವಾದ, ಇದಕ್ಕಿಂತ ಸರಿಯಾದ ಜೊತೆ ಇಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿನಲ್ಲೂ ಮಾಡಬಹುದು. ಅರ್ಧ ಲೀಟರ್ ಕೆನೆ ಮೊಸರನ್ನು ಫ್ರಿಜ್ಜಿನಲ್ಲಿ ಎಂಟು ಗಂಟೆ ಕಟ್ಟಿಟ್ಟರೆ 200 ಗ್ರಾಂ ಆಸುಪಾಸು ಸಿಗುತ್ತದೆ. ಕಾಲು ಚಮಚ ಉಪ್ಪು, ಕುಟ್ಟಿದ ಮೆಣಸು, ಮೂರು ಮೂಲಂಗಿ, ಒಂದು ಎಸಳು ಈರುಳ್ಳಿ ಹೂವು. ಮೊಸರು ಹುಳಿ ಬಂದಿರಬಾರದು, ಬಂದಿದ್ದರೆ ಎರಡು ಹುಳಿ ಸೇರಿ ಚೆರ್ರಿಯ ಪತ್ತೆಯೇ ಇರುವುದಿಲ್ಲ. ಮೇಕೆ ಹಾಲಿನ ಮೆತ್ತನೆಯ ಚೀಸ್ ಕೂಡ ಇಷ್ಟೇ ಚೆನ್ನಾಗಿ ಹೊಂದುತ್ತದೆ. ಮಸಲ್ಸ್, ಅಂದರೆ ನಮ್ಮ ಕರಾವಳಿಯ ಪಚ್ಚಿಲೆ, ಬೆಣ್ಣೆಯಲ್ಲಿ ಬೇಯಿಸಿದ್ದಾದರೆ ಸರಿ. ಕೆನೆ ಹಾಕಿದ್ದು ಬೇಡ, ಹುಳಿಗೆ ಬಾಯಲ್ಲೇ ಒಡೆದಂತೆ ಅನ್ನಿಸುತ್ತದೆ.

ಮಾಂಸದಲ್ಲಿ ಮೊಲ ಮತ್ತು ಬಾತುಕೋಳಿ ಬೆಲ್ಜಿಯಂನವರ ರೂಢಿ. ಬಾತುಕೋಳಿಯ ಎದೆ ಮಾಂಸ ಮನೆಯಲ್ಲೇ ಮಾಡುವುದು ಸುಲಭ. ಎರಡು ತುಂಡಿನ ಚರ್ಮದ ಮೇಲೆ ಚಾಕುವಿನಿಂದ ಗೀರಿ, ಉಪ್ಪು ಸವರಿ, ತಣ್ಣನೆಯ ಬಾಣಲೆಯಲ್ಲಿ ಚರ್ಮ ಕೆಳಗಾಗಿ ಇಡಿ. ಸಣ್ಣ ಉರಿಯಲ್ಲಿ 10–12 ನಿಮಿಷ ಕೊಬ್ಬು ಇಳಿಯಲಿ, ತಿರುವಿ 3–4 ನಿಮಿಷ, ಆಮೇಲೆ ತೆಗೆದು 8 ನಿಮಿಷ ಬಿಡಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಕೊಬ್ಬು ಉಳಿಸಿಕೊಂಡು ಎರಡು ಸಣ್ಣ ಈರುಳ್ಳಿ ಬಾಡಿಸಿ, 150 ಮಿಲಿಲೀಟರ್ ಬೋನ್ ಕ್ರೀಕ್, 100 ಮಿಲಿಲೀಟರ್ ಕೋಳಿ ಸ್ಟಾಕ್ ಹಾಕಿ ಅರ್ಧಕ್ಕೆ ಇಳಿಸಿ. ಹತ್ತು-ಹನ್ನೆರಡು ಹುಳಿ ಚೆರ್ರಿ ಹಾಕಿ, ಉರಿ ಆರಿಸಿ, 20 ಗ್ರಾಂ ತಣ್ಣನೆಯ ಬೆಣ್ಣೆ ಕದಡಿ. ಔಡೆ ಕ್ರೀಕ್ ಇನ್ನೂ ಒಳ್ಳೆಯದಲ್ಲವೇ ಎಂದು ಅದನ್ನೇ ಕುದಿಸಿದರೆ ಸಾಸ್ ಹಾಳು. ಅದರಲ್ಲಿ ಸಕ್ಕರೆ ಇಲ್ಲ, ನೀರು ಆವಿಯಾದಷ್ಟೂ ಹುಳಿ ಮಾತ್ರ ಗಟ್ಟಿಯಾಗುತ್ತದೆ. ಲಿಂಡೆಮನ್ಸ್ ಹಾಕಿದರೆ ತದ್ವಿರುದ್ಧ, ಪಾಕವಾಗಿಬಿಡುತ್ತದೆ. ಎಣ್ಣೆ ಕುಡಿಸದ ಕಬ್ಬಿಣ ಅಥವಾ ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬೇಡಿ, ಹುಳಿ ಲೋಹಕ್ಕೆ ತಾಗಿ ಬಣ್ಣ ಕಪ್ಪಿಡುತ್ತದೆ, ಕನರು ರುಚಿ ಬರುತ್ತದೆ. ಸ್ಟೀಲ್ ಸರಿ. ಲೋಟಕ್ಕೆ ಮಾತ್ರ ಔಡೆ ಕ್ರೀಕ್ ಅಥವಾ ಲೀಫ್‌ಮನ್ಸ್.

ಬೆಲ್ಜಿಯಂ, ನೆದರ್ಲೆಂಡ್ಸ್‌ನಲ್ಲಿರುವ ಕನ್ನಡಿಗರ ಮನೆಯ ಅಡುಗೆಗೂ ಇದು ಹೊಂದುತ್ತದೆ, ಆರಿಸಿ ಇಟ್ಟರೆ. ಕೊಡಗಿನ ಪಂದಿ ಕರಿಯಲ್ಲಿ ಕೊಬ್ಬು ಇದೆ, ಕರಿಮೆಣಸು ಇದೆ, ಕಾಚಂಪುಳಿಯ ಕಪ್ಪು ಹುಳಿ ಇದೆ. ಔಡೆ ಕ್ರೀಕ್‌ನ ಹುಳಿ ಅದಕ್ಕೆ ಸರಿಸಮನಾಗಿ ನಿಲ್ಲುತ್ತದೆ, ಒಗರು ಕೊಬ್ಬನ್ನು ಬಾಯಿಂದ ತೆಗೆಯುತ್ತದೆ. ಪಕ್ಕದಲ್ಲಿ ಕಡಂಬುಟ್ಟು ಇದ್ದರೆ ಬೇರೇನೂ ಬೇಡ. ಕುಂದಾಪುರದ ಕೋಳಿ ಗೀ ರೋಸ್ಟ್‌ಗೆ ಮಾತ್ರ ಔಡೆ ಇಡಬೇಡಿ. ಬ್ಯಾಡಗಿ ಮೆಣಸಿನ ಉರಿ ದುಪ್ಪಟ್ಟಾಗುತ್ತದೆ. ಅದಕ್ಕೆ ಬೋನ್ ಕ್ರೀಕ್, ಚೆನ್ನಾಗಿ ತಣ್ಣಗೆ. ಮಾಂಸ ತಿನ್ನದವರಿಗೆ ಬೆಣ್ಣೆ ಹಾಕಿ ಗರಿಗರಿ ಸುಟ್ಟ ಅಕ್ಕಿರೊಟ್ಟಿ, ಗೋಡಂಬಿ ಹುರಿದದ್ದು, ಉಪ್ಪು ಮುಂದಾಗಿರುವ ಪನೀರ್ ಟಿಕ್ಕಾ ಇವೆಲ್ಲ ಬೋನ್ ಕ್ರೀಕ್ ಜೊತೆ ನಡೆಯುತ್ತವೆ. ಹುಣಸೆ ಮತ್ತು ಇಂಗು ಮುಂದಾಗಿರುವ ಸಾರು, ಹುಳಿ, ಗೊಜ್ಜಿನ ಜೊತೆ ಯಾವ ಕ್ರೀಕ್ ಕೂಡ ಸೇರುವುದಿಲ್ಲ. ಚೆರ್ರಿಯೂ ಸತ್ತು ಹೋಗುತ್ತದೆ, ಇಂಗೂ ಕೆಟ್ಟ ವಾಸನೆ ಹೊಡೆಯುತ್ತದೆ.

ಚಾಕೊಲೇಟಿಗೆ ಲಿಂಡೆಮನ್ಸ್. ಶೇ 60–70 ಕೋಕೋ ಇರುವ ಕಪ್ಪು ಚಾಕೊಲೇಟ್ ಒಂದು ತುಂಡು ಬಾಯಲ್ಲಿ ಅರ್ಧ ಕರಗಿದ ಮೇಲೆ ಗುಟುಕರಿಸಬೇಕು. ತಣ್ಣನೆ ಬಿಯರ್ ಮೊದಲೇ ಬಾಯಿಗೆ ಬಂದರೆ ಕೋಕೋ ಬೆಣ್ಣೆ ಹೆಪ್ಪುಗಟ್ಟಿ ಮೇಣದಂತಾಗುತ್ತದೆ. ಮಿಲ್ಕ್ ಚಾಕೊಲೇಟ್ ಆದರೆ ಸಿಹಿಯ ಮೇಲೆ ಸಿಹಿ, ಬಾಯಿ ಕಟ್ಟುತ್ತದೆ. ಕೊಬ್ಬರಿ ಮಿಠಾಯಿ, ಮೈಸೂರು ಪಾಕ್ ಇಟ್ಟರೆ ಬಿಯರ್ ನೀರು ನೀರು. ಸಿಹಿ ಕಡಿಮೆ ಇರುವ ಚೀಸ್ ಕೇಕ್ ಒಳ್ಳೆಯದು.

ಕೆಟ್ಟ ಬಾಟಲಿ ಗುರುತಿಸುವುದು ಹೀಗೆ. ಉಗುರುಬಣ್ಣ ತೆಗೆಯುವ ದ್ರವದ ವಾಸನೆ, ಗಂಟಲು ಸುಡುವ ವಿನೆಗರ್ ಹುಳಿ ಇದ್ದರೆ ಪೀಪಾಯಿಗೆ ಗಾಳಿ ಹೊಕ್ಕಿದೆ ಎಂದು ಅರ್ಥ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯದ್ದು ತಪ್ಪು. ಕುಡಿದು ಹತ್ತು ಸೆಕೆಂಡಿನ ನಂತರ ಇಲಿ ಪಂಜರದಂಥ ರುಚಿ ಗಂಟಲಿನ ಹಿಂದೆ ಮೂಡಿದರೆ ಅದೂ ಹುದುಗುವಿಕೆಯ ದೋಷವೇ. ಬಾಟಲಿ ಇನ್ನೂ ಎಳೆಯದಾಗಿದ್ದರೆ ಕೆಲವು ತಿಂಗಳಲ್ಲಿ ಅದು ಹೋಗುವುದೂ ಉಂಟು. ಕೊಟ್ಟಿಗೆ, ಚರ್ಮದ ವಾಸನೆ ಮಾತ್ರ ದೋಷವಲ್ಲ. ಸಿಹಿ ಕ್ರೀಕ್ ಕಂದು ಬಣ್ಣಕ್ಕೆ ತಿರುಗಿ ಒಣದ್ರಾಕ್ಷಿ ವಾಸನೆ ಬಂದಿದ್ದರೆ ಹಳತಾಗಿದೆ. ಅದನ್ನು ಕೂಡಿಡಬಾರದು, ತಂದ ಕೆಲವು ತಿಂಗಳಲ್ಲೇ ಮುಗಿಸಬೇಕು. ಔಡೆ ಕ್ರೀಕ್ ವರ್ಷಗಟ್ಟಲೆ ಇರುತ್ತದೆ, ಆದರೆ ಎರಡು-ಮೂರು ವರ್ಷವಾದ ಮೇಲೆ ಚೆರ್ರಿ ಹಿಂದೆ ಸರಿದು ಲಾಂಬಿಕ್ ಮುಂದೆ ಬರುತ್ತದೆ. ಚೆರ್ರಿ ಬೇಕಾದವರು ಹೊಸದನ್ನೇ ಕುಡಿಯಿರಿ.

ಬೆಂಗಳೂರಿಗೆ ತರುವವರಿಗೆ ಒಂದು ಮಾತು. ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ 2 ಲೀಟರ್ ಮದ್ಯ, ಬಿಯರೂ ಅದರಲ್ಲೇ ಸೇರಿ. 375 ಮಿಲಿಲೀಟರಿನ ಐದು ಬಾಟಲಿ ಆ ಲೆಕ್ಕದೊಳಗೆ ಬರುತ್ತವೆ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ. ಮನೆ ಸೇರಿದ ಮೇಲೆ ಒಂದು ವಾರ ಫ್ರಿಜ್ಜಿನ ಬಾಗಿಲಿನಲ್ಲಿ ಇಡದೆ ಒಳಗಿನ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಗಸಿ ಏಳುತ್ತದೆ. ತೆರೆದು ಉಳಿದದ್ದನ್ನು ಶಾಂಪೇನ್ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಔಡೆ ಕ್ರೀಕ್ ಎರಡು ದಿನ ತಾಳುತ್ತದೆ. ಬೋನ್ ಕ್ರೀಕ್ ಮರುದಿನಕ್ಕೆ ಗ್ಯಾಸು ಕಳೆದುಕೊಂಡಿರುತ್ತದೆ, ಕುಡಿಯಲು ಚೆನ್ನಾಗಿರುವುದಿಲ್ಲ. ಮೇಲೆ ಹೇಳಿದ ಸಾಸಿಗೆ ಅದನ್ನು ಬಳಸಿ.